ರೈಲು, ಜಾತಿ ಮತ್ತು ನಮ್ಮ ಚರಿತ್ರೆ: ದಾವಣಗೆರೆ–ಹರಿಹರದ ಟೇಷನ್ನುಗಳಲ್ಲಿ

ರೈಲು ಬಂದ ಮೇಲೆ ಜಾತಿ ಸಡಿಲವಾಯಿತು ಎಂಬ ಮಾತು ನಮ್ಮ ಭಾಷಣಗಳಲ್ಲಿ, ವಿಚಾರಗೋಷ್ಠಿಗಳಲ್ಲಿ ಎಷ್ಟು ಸಲ ಬಂದುಹೋಗಿದೆಯೆಂದರೆ ಈಗ ಅದನ್ನು ಯಾರೂ ತಿರುವಿ ನೋಡುವ ಗೋಜಿಗೆ ಹೋಗುವುದಿಲ್ಲ. ಒಂದೇ ಡಬ್ಬಿ, ಒಂದೇ ಹಲಗೆ, ಐನೋರ ಪಕ್ಕ ಮಾದಿಗ ಕೂತ, ಮಡಿ ಮುರೀತು ಅಂತ ಆ ಕಥೆ ಹೋಗುತ್ತದೆ. ಇದನ್ನು ಮೊದಲು ಹೇಳಿದವರು ನಮ್ಮವರೇನಲ್ಲ. ಬೊಂಬಾಯಿಯಿಂದ ಠಾಣೆಗೆ ಮೊದಲ ರೈಲು ಓಡಿದ 1853ರಲ್ಲೇ, ಲಂಡನ್ನಿನಲ್ಲಿ ಕೂತು ಅಮೆರಿಕದ ಪತ್ರಿಕೆಗೆ ಲೇಖನ ಬರೆಯುತ್ತಿದ್ದ ಕಾರ್ಲ್ ಮಾರ್ಕ್ಸ್, ರೈಲಿನ ಬೆನ್ನಿಗೆ ಬರುವ ಕೈಗಾರಿಕೆ ವಂಶಪಾರಂಪರ್ಯದ ಕಸುಬಿನ ಹಂಚಿಕೆಯನ್ನು ಕರಗಿಸುತ್ತದೆ, ಜಾತಿ ನಿಂತಿರುವುದೇ ಅದರ ಮೇಲೆ ಎಂದಿದ್ದ. ಇನ್ನೊಂದು ಕಡೆ 1909ರ 'ಹಿಂದ್ ಸ್ವರಾಜ್'ನಲ್ಲಿ ಗಾಂಧೀಜಿ ರೈಲನ್ನು ಪ್ಲೇಗು ಹರಡುವ, ಕ್ಷಾಮ ಹೆಚ್ಚಿಸುವ ಕೇಡಿನ ಯಂತ್ರ ಎಂದರು. ಅದೇ ಗಾಂಧೀಜಿ 1934ರಲ್ಲಿ ಹರಿಜನ ಪ್ರವಾಸ ಮಾಡುತ್ತ ದಾವಣಗೆರೆಯವರೆಗೂ ಬಂದದ್ದು ಬೇರೆ ಮಾತು. ನಮ್ಮ ದೇಸಿವಾದಿ ಗೆಳೆಯರು ಗಾಂಧಿಯ ಮಾತನ್ನೂ, ನಾವು ದಲಿತ ಬರಹಗಾರರು ಹೆಚ್ಚುಕಡಿಮೆ ಮಾರ್ಕ್ಸನ ಮಾತನ್ನೂ ಹಿಡಿದುಕೊಂಡು ವರ್ಷಾನುಗಟ್ಟಲೆ ವಾದ ಮಾಡುತ್ತ ಬಂದಿದ್ದೇವೆ. ಈ ವಾದದಲ್ಲಿ ಎರಡೂ ಕಡೆಯವರು ಡಬ್ಬಿಯ ಒಳಗೇ ಕೂತಿದ್ದಾರೆ. ಕೆಳಗೆ ಹಳಿಯ ಮೇಲೆ ಸುತ್ತಿಗೆ ಹಿಡಿದು ನಿಂತವನ ಕಡೆಯಿಂದ ನೋಡಿದವರು ಕಡಿಮೆ.

ನಮ್ಮಜ್ಜ ಹಾಗೆ ನಿಂತವನು. ಗ್ಯಾಂಗ್‌ಮನ್. ಕಂಪನಿಯ ಕಾಲದಲ್ಲಿ ಸೇರಿ ಸರ್ಕಾರದ ಕಾಲದಲ್ಲಿ ನಿವೃತ್ತನಾದ. ಆದ್ದರಿಂದ ದಾವಣಗೆರೆ, ಹರಿಹರದ ಟೇಷನ್ನುಗಳಿಗೆ ನಾನು ಹೋಗುವುದು ಪಾರಂಪರಿಕ ಕಟ್ಟಡ ನೋಡುವ ಪ್ರವಾಸಿಯ ಹಾಗಲ್ಲ.

ದಾವಣಗೆರೆಯ ನಿಲ್ದಾಣ ಊರಿನ ನಟ್ಟನಡುವೆ ಇದೆ. ಹಳಿ ಊರನ್ನು ಸೀಳಿಕೊಂಡು ಹೋಗಿದೆ. ಒಂದು ಕಡೆ ಹಳೇ ಪೇಟೆ, ಇನ್ನೊಂದು ಕಡೆ ಬಡಾವಣೆಗಳು. ಅಶೋಕ ಟಾಕೀಸಿನ ಹತ್ತಿರದ ಗೇಟಿನಲ್ಲಿ ಕಾದು ಕಾದು ವಯಸ್ಸು ಕಳೆದವರು ಈ ಊರಲ್ಲಿ ಸಾವಿರಾರು ಮಂದಿ. 2023ರಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಇಲ್ಲಿ ನಿಲ್ಲುತ್ತದೆ. ತಲೆಯ ಮೇಲೆ ವಿದ್ಯುತ್ ತಂತಿ ಬಂದಿದೆ. ನಮ್ಮಜ್ಜ ತಿಕ್ಕಿ ತೀಡಿದ ಮೀಟರ್ ಗೇಜ್ 1990ರ ದಶಕದಲ್ಲೇ ಎದ್ದುಹೋಗಿ ಬ್ರಾಡ್ ಗೇಜ್ ಆಯಿತು. ಅಲ್ಲಿಂದ ಹರಿಹರ ಹದಿನೈದು ಕಿಲೋಮೀಟರಿನ ಒಳಗೆ. ಪ್ಯಾಸೆಂಜರ್ ಗಾಡಿಯಲ್ಲಿ ಕೂತರೆ ಒಂದು ಬೀಡಿ ಸೇದಿ ಮುಗಿಸುವ ಹೊತ್ತಿಗೆ ಅಮರಾವತಿ ಕಾಲೋನಿ, ಆಮೇಲೆ ಹರಿಹರ. ಗಾಡಿ ಮುಂದೆ ಹುಬ್ಬಳ್ಳಿ ಕಡೆ ಹೊರಟರೆ ತುಂಗಭದ್ರೆಯ ಸೇತುವೆ.

ಈ ಹೊಳೆಯ ಮಹತ್ವವನ್ನು ಈಗಿನ ಹುಡುಗರಿಗೆ ಹೇಳಬೇಕು. ಆಗ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಬೊಂಬಾಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಹರಿಹರ ಗಡಿಯ ಊರು. 1865ರವರೆಗೆ ಅಲ್ಲಿ ದೇಶೀ ಸಿಪಾಯಿಗಳ ದಂಡು ಇತ್ತು. 1868ರಲ್ಲಿ 14 ಕಮಾನುಗಳ ರಸ್ತೆ ಸೇತುವೆ ಆಯಿತು. ರೈಲು ಬಂದದ್ದು ಆಮೇಲೆ. ಬೆಂಗಳೂರು–ಮೈಸೂರು ದಾರಿ 1882ರಲ್ಲಿ, ಬೆಂಗಳೂರಿನಿಂದ ತುಮಕೂರು, ಗುಬ್ಬಿಯವರೆಗಿನದು 1884ರಲ್ಲಿ ತೆರೆಯಿತು. ಅಷ್ಟರಲ್ಲಿ ಸಂಸ್ಥಾನದ ಬೊಕ್ಕಸ ಸೋತಿತ್ತು. 1886ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ಈ ದಾರಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ವಹಿಸಿ, ಅದರ ಮೂಲಕ ಇಂಗ್ಲೆಂಡಿನಲ್ಲಿ 12 ಲಕ್ಷ ಪೌಂಡ್ ಸಾಲ ಎತ್ತಿಸಿತು. 1889ರಲ್ಲಿ ಗುಬ್ಬಿಯಿಂದ ಹರಿಹರದವರೆಗಿನ ದಾರಿ ಪೂರ್ತಿಯಾಗಿ ಬೆಂಗಳೂರು, ಹುಬ್ಬಳ್ಳಿ ಕೂಡಿದವು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯ ಜೊತೆ ಸೇರಿ ಮದ್ರಾಸ್ ಅಂಡ್ ಸದರ್ನ್ ಮರಾಠಾ, ಅಂದರೆ ನಮ್ಮ ಹಿರಿಯರ ಬಾಯಲ್ಲಿ 'ಎಮ್ಮೆಸ್ಸೆಮ್ಮು' ಆಯಿತು. 1951ರ ಏಪ್ರಿಲ್ 14ರಂದು ಅದೂ, ಮೈಸೂರು ಸಂಸ್ಥಾನದ ರೈಲ್ವೆಯೂ, ಸೌತ್ ಇಂಡಿಯನ್ ರೈಲ್ವೆಯೂ ಕೂಡಿ ದಕ್ಷಿಣ ರೈಲ್ವೆಯಾದವು. ಅವತ್ತು ಬಾಬಾಸಾಹೇಬರಿಗೆ 60 ತುಂಬಿತ್ತು. ರೈಲ್ವೆ ಬೋರ್ಡಿನವರು ದಿನ ನೋಡಿ ಇಟ್ಟದ್ದಲ್ಲ ಬಿಡಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಗೆಜೆಟಿಯರಿನ ಚರಿತ್ರೆ. ಹರಿಹರದ ಬಗ್ಗೆ ಯಾವ ಪುಸ್ತಕ ತೆಗೆದರೂ 1224ರ ಹೊತ್ತಿಗೆ ಹೊಯ್ಸಳರ ಪೋಳಾಲ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನ, ಅದರ ಕಂಬ, ಅದರ ಶಾಸನ. ಕಟ್ಟಿಸಿದವನ ಹೆಸರು ಎಂಟುನೂರು ವರ್ಷ ಉಳಿದಿದೆ. ಕಟ್ಟಿದವರ ಹೆಸರು ದೇವಸ್ಥಾನದಲ್ಲೂ ಇಲ್ಲ, ರೈಲು ಸೇತುವೆಯಲ್ಲೂ ಇಲ್ಲ. ಈ ವಿಷಯದಲ್ಲಿ ಹೊಯ್ಸಳ ದೊರೆಗೂ ಇಂಗ್ಲಿಷ್ ಕಂಪನಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ಗೆಜೆಟಿಯರ್ ಮೈಲಿಗಳನ್ನು ಎಣಿಸುತ್ತದೆ, ಪೌಂಡುಗಳನ್ನು ಎಣಿಸುತ್ತದೆ. ಮಣ್ಣು ಹೊತ್ತ ಬುಟ್ಟಿಗಳನ್ನು ಎಣಿಸುವುದಿಲ್ಲ.

ಆ ಬುಟ್ಟಿಗಳ ಹಿಂದೆ ಕ್ಷಾಮವಿದೆ. 1876ರಿಂದ 78ರವರೆಗಿನ ಆ ಬರವನ್ನು ನಮ್ಮ ಕಡೆ 'ಧಾತು ಈಶ್ವರ ಬರ' ಅಂತ ಮುದುಕರು ಹೇಳುತ್ತಿದ್ದರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಹುಟ್ಟಬೇಕಿದ್ದವರನ್ನು ಬಿಟ್ಟು, ಇದ್ದವರ ಲೆಕ್ಕದಲ್ಲೇ ಎಂಟೂವರೆ ಲಕ್ಷಕ್ಕೂ ಹೆಚ್ಚು ಕಡಿಮೆ. ಇದರಲ್ಲಿ ಮೊದಲು ಬಿದ್ದವರು ಹೊಲವಿಲ್ಲದವರು, ಹಗೇವಿನಲ್ಲಿ ಕಾಳಿಲ್ಲದವರು, ಅಂದರೆ ಕೇರಿಯವರು. ಬೆಂಗಳೂರು–ಮೈಸೂರು ದಾರಿಯ ಮಣ್ಣಿನ ಕೆಲಸ ಶುರುವಾದದ್ದೇ ಕ್ಷಾಮದ ಕಾಮಗಾರಿಯಾಗಿ. ಅದೇ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಚಿಲ್ಲರೆ ಕಾಸಿಗೆ ಇಳಿಸಿದ. ಅರ್ಧ ಸೇರಿಗಿಂತ ಚೂರು ಕಡಿಮೆ ಕಾಳು ತಿಂದು ದಿನವಿಡೀ ಮಣ್ಣು ಹೊರಬೇಕು. 1880ರ ಕ್ಷಾಮ ಆಯೋಗ ರೈಲು ಹಾಕಿದರೆ ಬರದ ಊರಿಗೆ ಧಾನ್ಯ ಬೇಗ ಮುಟ್ಟುತ್ತದೆ ಎಂದಿತು. 1882ರಲ್ಲಿ ಸದರ್ನ್ ಮರಾಠಾ ಕಂಪನಿ ಹುಟ್ಟಿದ್ದು ಇದೇ ವಾದದ ಮೇಲೆ. ಆದರೆ ಬರದ ಆ ವರ್ಷಗಳಲ್ಲೇ ರೈಲಿದ್ದ ಊರುಗಳಿಂದ ಧಾನ್ಯ ಬಂದರಿನ ಕಡೆಗೂ ಹೋಗುತ್ತಿತ್ತು. ಹಳಿಗೆ ಎರಡು ದಿಕ್ಕು ಇರುತ್ತದೆ. ಕಾಳು ಯಾವ ದಿಕ್ಕಿಗೆ ಹೋಗಬೇಕು ಅನ್ನೋದನ್ನ ಹಸಿದವನು ತೀರ್ಮಾನಿಸೋದಿಲ್ಲ.

ಕಲ್ಲು ಒಡೆದವರು, ಏರಿ ಹಾಕಿದವರು ಒಡ್ಡರು. ಇವತ್ತಿನ ಬೋವಿಗಳು. ದಕ್ಷಿಣ ಭಾರತದ ಯಾವ ಕೆರೆ, ಯಾವ ಕೋಟೆ, ಯಾವ ರೈಲಿನ ಏರಿ ತೆಗೆದುಕೊಂಡರೂ ಅವರ ಗುದ್ದಲಿ ಇದೆ. ರೈಲು ಇವರಿಗೆ ಕೂಲಿ ಕೊಟ್ಟಿತು. ಆದರೆ ಅದೇ ರೈಲು ಇನ್ನು ಕೆಲವರ ಹೊಟ್ಟೆಯ ಮೇಲೆ ಹೊಡೆಯಿತು. ಆ ಕಥೆ ನಮ್ಮ ವಿಮರ್ಶೆಯಲ್ಲಿ ಬಂದೇ ಇಲ್ಲ ಅನ್ನಬಹುದು.

ದಾವಣಗೆರೆ ರೈಲಿನಿಂದ ಹುಟ್ಟಿದ ಪೇಟೆಯಲ್ಲ. ಹೈದರಾಲಿ ಈ ಊರನ್ನು ಅಪ್ಪೋಜಿ ರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರು ಕೊಟ್ಟ ಮೇಲೆ ವರ್ತಕರು ಬಂದು ನೆಲೆಸಿದರು. ಮಲೆನಾಡಿನ ನಗರ ಸೀಮೆಯ ಅಡಿಕೆ, ಮೆಣಸು ಇಲ್ಲಿಗೆ ಬಂದು, ಇಲ್ಲಿಂದ ದೂರದ ವಾಲಾಜಾಪೇಟೆಗೆ, ಮದ್ರಾಸಿನ ಕಡೆಗೆ ಹೋಗುತ್ತಿತ್ತು. ಇಲ್ಲಿಯ ಕಂಬಳಿಗೂ ಹೆಸರಿತ್ತು. ಆ ಕಾಲದಲ್ಲಿ ಇಂಥ ಸರಕು ಹೋಗುತ್ತಿದ್ದದ್ದು ಎತ್ತಿನ ಬೆನ್ನಿನ ಮೇಲೆ, ಹೇರಿನ ಲೆಕ್ಕದಲ್ಲಿ. ನೂರಾರು, ಒಮ್ಮೊಮ್ಮೆ ಸಾವಿರಾರು ಎತ್ತುಗಳ ಹಿಂಡು ಹೊಡೆದುಕೊಂಡು ಲಂಬಾಣಿಗರು ದೇಶ ತಿರುಗುತ್ತಿದ್ದರು. ಕಾಳು, ಉಪ್ಪು, ದಂಡಿಗೆ ಬೇಕಾದ ದಿನಸಿ ಎಲ್ಲಾ ಅವರ ಹೇರೇ. ಕರಾವಳಿಯ ಉಪ್ಪನ್ನು ಒಳನಾಡಿಗೆ ತರುವವರಲ್ಲಿ ಕೊರಚ, ಕೊರಮರೂ ಇದ್ದರು. ಸಡಕು ಬಂತು, ರೈಲು ಬಂತು. ಒಂದು ಗೂಡ್ಸ್ ಗಾಡಿ ಸಾವಿರ ಎತ್ತಿನ ಹೇರನ್ನು ಒಂದೇ ರಾತ್ರಿಯಲ್ಲಿ ಒಯ್ದುಬಿಟ್ಟರೆ ಲಂಬಾಣಿಯ ಎತ್ತು ಏನು ಮಾಡಬೇಕು? ತಾಂಡಾಗಳು ಕಾಡಿನಂಚಿನಲ್ಲಿ, ಊರಂಚಿನಲ್ಲಿ ನಿಂತುಬಿಟ್ಟವು. ಅಲೆಯುವ ವ್ಯಾಪಾರಿ ಕೂಲಿಯಾದ, ಸೌದೆ ಮಾರುವವನಾದ.

ಕೆಲಸ ಕಸಿದುಕೊಂಡ ಮೇಲೆ ಹೆಸರನ್ನೂ ಕಸಿದುಕೊಂಡರು. 1871ರಲ್ಲಿ ಉತ್ತರ ಭಾರತದಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದ್ರಾಸ್, ಬೊಂಬಾಯಿ ಪ್ರಾಂತ್ಯಗಳಿಗೂ ವ್ಯಾಪಿಸಿತು. ಉಪ್ಪು ಹೊತ್ತು ಬದುಕಿದ್ದ ಕೊರಚರು ಹುಟ್ಟಿನಿಂದಲೇ ಕಳ್ಳರು ಎಂದಾಯಿತು. ಹೊಳೆಯಾಚೆ ಹುಬ್ಬಳ್ಳಿಯಲ್ಲಿ ಮುಳ್ಳುತಂತಿ ಹಾಕಿ ಸೆಟ್ಲ್‌ಮೆಂಟು ಮಾಡಿದರು. ಅಲ್ಲಿಯ ಗಂಡಸರು, ಹೆಂಗಸರು ಹಾಜರಿ ಕೊಟ್ಟು ಹತ್ತಿ ಗಿರಣಿಯ ಕೂಲಿಗೆ ಹೋಗಬೇಕಿತ್ತು. 1952ರಲ್ಲಿ ಕಾಯ್ದೆ ಹೋಯಿತು, 'ಸೆಟ್ಲ್‌ಮೆಂಟ್' ಅನ್ನೋ ಹೆಸರು ಆ ಓಣಿಗೆ ಇವತ್ತಿಗೂ ಅಂಟಿದೆ. ಬೋವಿ, ಲಂಬಾಣಿ, ಕೊರಮ, ಕೊರಚ ಈ ನಾಲ್ಕೂ ಹೆಸರು ಇವತ್ತು ಕರ್ನಾಟಕದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಹೊಲೆಯ ಮಾದಿಗರ ಜೊತೆ ಇವೆ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟ ಮೇಲೆ ನಮ್ಮೊಳಗೇ ಎದ್ದ ಜಗಳ ಎಲ್ಲರಿಗೂ ಗೊತ್ತು. ಮಾದಿಗರ ಪಾಲು ಮಾದಿಗರಿಗೆ ಬರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ವೇದಿಕೆ ಮೇಲೆ ನಿಂತು ಲಂಬಾಣಿ, ಒಡ್ಡರಿಗೆ ಚರಿತ್ರೆಯಲ್ಲಿ ಏನು ಪೆಟ್ಟು ಬಿದ್ದಿದೆ ಎಂದು ಕೇಳುವವರು ಒಂದು ದಿನ ಈ ಹಳಿಯ ಪಕ್ಕದಲ್ಲಿ ನಡೆದು ನೋಡಲಿ.

ಮಾದಿಗರಿಗೆ ಬಿದ್ದ ಪೆಟ್ಟು ಬೇರೆ ಥರದ್ದು. ಊರಲ್ಲಿ ಸತ್ತ ದನ ಎಳೆಯುವ ಬಿಟ್ಟಿ ಮಾದಿಗನದು, ಅದಕ್ಕೆ ಪ್ರತಿಯಾಗಿ ತೊಗಲೂ ಅವನದೇ. ಹದ ಮಾಡಿ ಮಿಣಿ, ಬಾರುಕೋಲು, ಕಪಿಲೆಯ ಚೀಲ, ಮೆಟ್ಟು ಹೊಲಿದು ಕೊಟ್ಟರೆ ಸುಗ್ಗಿಯಲ್ಲಿ ಕಣದ ಕಾಳು. ರೈಲು ಬಂದ ಮೇಲೆ ತೊಗಲಿಗೆ ಮದ್ರಾಸಿನಲ್ಲಿ, ಅಲ್ಲಿಂದ ವಿಲಾಯತಿಯಲ್ಲಿ ಬೆಲೆ ಬಂತು. ಬೆಲೆ ಬಂದದ್ದೇ ತಡ ತೊಗಲು ವ್ಯಾಪಾರಿಗಳ ಕೈಗೆ ಹೋಯಿತು. ಹಸಿ ತೊಗಲು ಟೇಷನ್ನಿನ ಗೂಡ್ಸ್ ಶೆಡ್ಡು ಸೇರಿ ದೊಡ್ಡ ಹದಗಾರಿಕೆಗಳಿಗೆ ಹೋದರೆ ಊರ ಮಾದಿಗನ ಬಾನಿ ಬತ್ತಿತು. ದನ ಎಳೆಯುವ ಬಿಟ್ಟಿ ಮಾತ್ರ ಎಲ್ಲೂ ಹೋಗಲಿಲ್ಲ. ಕಸುಬಿನ ಲಾಭ ರೈಲು ಹತ್ತಿತು, ಕಸುಬಿನ ಮೈಲಿಗೆ ಊರಲ್ಲೇ ಉಳಿಯಿತು. ಮಾರ್ಕ್ಸನ ಲೆಕ್ಕದಲ್ಲಿ ಈ ಬಾಬತ್ತು ಇರಲಿಲ್ಲ. ಜಾತಿಯೆಂದರೆ ಕೆಲಸದ ಹಂಚಿಕೆಯಷ್ಟೇ ಆಗಿದ್ದರೆ ಯಂತ್ರ ಅದನ್ನು ಕರಗಿಸುತ್ತಿತ್ತೋ ಏನೋ. ಅದು ಕೆಲಸ ಮಾಡುವ ಮನುಷ್ಯರನ್ನೇ ಮೇಲೆ ಕೆಳಗೆ ಅಡಕುವ ವ್ಯವಸ್ಥೆ ಎಂಬುದನ್ನು 'ಜಾತಿ ವಿನಾಶ'ದಲ್ಲಿ 1936ರಲ್ಲಿ ಬಾಬಾಸಾಹೇಬರು ತೋರಿಸಿಕೊಟ್ಟರು.

ಇನ್ನು ಡಬ್ಬಿ ಮತ್ತು ಪ್ಲಾಟ್‌ಫಾರಂ ವಿಷಯಕ್ಕೆ ಬರೋಣ. ರೈಲು ಶುರುವಾದಾಗ ಜಾತಿಗೊಂದು ಡಬ್ಬಿ ಮಾಡಬೇಕೇ ಎಂಬ ಚರ್ಚೆ ನಡೆದದ್ದುಂಟು. ಕಂಪನಿಗಳು ಮಾಡಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮೂರನೇ ದರ್ಜೆಯ ಟಿಕೆಟ್ಟಿನ ದುಡ್ಡು, ಜನರನ್ನು ತುಂಬುವುದು. ಹೀಗೆ ಒತ್ತಿ ತುಂಬಿದ್ದರಿಂದ ಮೈ ಮೈ ತಗುಲಿತು ಎಂಬುದು ನಿಜ. ಅದನ್ನು ನಾನು ಸಣ್ಣದೆನ್ನುವುದಿಲ್ಲ. ಆದರೆ ಮುಟ್ಟಿಸಿಕೊಂಡವನು ಮನೆಗೆ ಹೋಗಿ ಸ್ನಾನ ಮಾಡಿ ಮಡಿಯಾಗುತ್ತಿದ್ದ. ಅದಕ್ಕೆ ಶಾಸ್ತ್ರದಲ್ಲಿ ದಾರಿ ಇತ್ತು. ದಾರಿಯಿಲ್ಲದ್ದು ನೀರಿಗೆ. ಪ್ಲಾಟ್‌ಫಾರಮಿನಲ್ಲಿ ಹಿಂದೂ ನೀರು, ಮುಸ್ಲಿಂ ನೀರು ಅಂತ ಬೇರೆ ಬೇರೆ ಕೊಡ. ಹಿಂದೂ ಕೊಡ ಹಿಡಿದವನು ಬ್ರಾಹ್ಮಣ. ಉಪಾಹಾರದ ಕೋಣೆಗಳೂ ಬೇರೆ ಬೇರೆ. ನಮ್ಮವರಿಗೆ ಮೂರನೆಯ ಕೊಡ ಯಾರೂ ಇಟ್ಟಿರಲಿಲ್ಲ. ಕಂಪನಿ ನೀರಿಗೆ ಮತ ಇದೆ ಅಂತ ಒಪ್ಪಿಕೊಂಡಿತು, ಜಾತಿ ಇದೆ ಅಂತ ಬರೆದು ತೂಗುಹಾಕಲಿಲ್ಲ. ಬರೆಯದೇ ಇದ್ದದ್ದೇ ನಮ್ಮ ಪಾಲಿಗೆ ಗಟ್ಟಿಯಾದ ಬರಹವಾಯಿತು.

ಸದರ್ನ್ ಮರಾಠಾ ಕಂಪನಿಯ ಚರಿತ್ರೆ ಬರೆಯುವವರು ಬಿಟ್ಟುಬಿಡುವ ಒಂದು ಸ್ಟೇಷನ್ ಇದೆ: ಸಾತಾರಾ ಜಿಲ್ಲೆಯ ಮಸೂರು. ಪುಣೆಯಿಂದ ಮಿರಜ್ ಕಡೆ ಬರುವ ದಾರಿಯ ಸಣ್ಣ ಸ್ಟೇಷನ್. ಅದನ್ನು ಹಾಕಿದ್ದೂ ಹರಿಹರಕ್ಕೆ ಹಳಿ ತಂದ ಇದೇ ಕಂಪನಿ, ಇದೇ ಮೀಟರ್ ಗೇಜು. 1901ರಲ್ಲಿ ಬಾಲಕ ಭೀಮರಾವ್ ಮನೆಯ ಹುಡುಗರ ಜೊತೆ, ಹೊಸ ಬಟ್ಟೆ ಹಾಕಿಕೊಂಡು, ಈ ಸ್ಟೇಷನ್ನಿನಲ್ಲಿ ಇಳಿದ. ಅವನ ಅಪ್ಪ ಕೋರೆಗಾಂವ್‌ನಲ್ಲಿ ಕ್ಯಾಷಿಯರ್. ಎಲ್ಲಿಯ ಕ್ಯಾಷಿಯರ್ ಅಂದರೆ ಕ್ಷಾಮಪೀಡಿತರಿಗೆ ಕೆಲಸ ಕೊಡಲು ಸರ್ಕಾರ ತೋಡಿಸುತ್ತಿದ್ದ ಕೆರೆಯ ಕಾಮಗಾರಿಯಲ್ಲಿ. ಬುಟ್ಟಿ ಹೊತ್ತವರ ಕೂಲಿಯ ಲೆಕ್ಕ ಇಡುವ ಜಾಗಕ್ಕೆ ಮಹಾರರ ಒಬ್ಬ ಮನುಷ್ಯ ಬಂದಿದ್ದ. ಸೈನ್ಯ ಕೊಟ್ಟ ಓದು ಅವನನ್ನು ಅಲ್ಲಿಗೆ ತಂದಿತ್ತು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಷನ್ ಮಾಸ್ತರ ಒಳ್ಳೇ ಮಾತಲ್ಲೇ ವಿಚಾರಿಸಿದ. ಮಹಾರರು ಅನ್ನೋದು ಹುಡುಗನ ಬಾಯಿಂದ ಬಂದ ಕೂಡಲೇ ಅವನ ಮುಖ ಬದಲಾಯಿತು, ತನ್ನ ಕೋಣೆಗೆ ಹೋಗಿಬಿಟ್ಟ. ಗಾಡಿಯವರು ಯಾರೂ ಒಲ್ಲೆ ಅಂದರು. ಕಡೆಗೆ ಎರಡುಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆಯುತ್ತೇನೆ ಎಂಬ ಕರಾರು. ಬುತ್ತಿಯಲ್ಲಿ ಬೇಕಾದಷ್ಟು ಊಟ ಇತ್ತು, ಕುಡಿಯಲು ನೀರು ಸಿಗಲಿಲ್ಲ. ಹಸಿದೇ ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ' ಎಂಬ ಸಣ್ಣ ಆತ್ಮಕಥನದಲ್ಲಿ ಬಾಬಾಸಾಹೇಬರು ಇದನ್ನು ಬರೆದಿಟ್ಟಿದ್ದರು. ಅದು ಪುಸ್ತಿಕೆಯಾಗಿ ಬಂದದ್ದು 1990ರಲ್ಲಿ.

ಗಮನಿಸಬೇಕಾದ್ದು ಇಲ್ಲೊಂದಿದೆ. ಮಸೂರಿನವರೆಗೆ ಡಬ್ಬಿಯೊಳಗೆ ಆ ಹುಡುಗರಿಗೆ ಏನೂ ಆಗಲಿಲ್ಲ. ಕಷ್ಟ ಶುರುವಾದದ್ದು ಇಳಿದ ಮೇಲೆ. ಗಾಡಿಯಲ್ಲಿ ನೀವು ಟಿಕೆ‌ಟ್ಟು, ಪ್ಲಾಟ್‌ಫಾರಮಿನಲ್ಲಿ ನೀವು ಜಾತಿ. ಊರು ರೈಲಿಗೆ ಬಂದು ಕೂಡುವ ಜಾಗ ಅದು, ಊರಿನ ಕಟ್ಟಳೆ ಅಲ್ಲಿಯವರೆಗೂ ಬಂದು ಕಾಯುತ್ತಿರುತ್ತದೆ.

ನಮ್ಮಜ್ಜನಿಗೆ ಇದು ಓದಿ ತಿಳಿಯಬೇಕಾದ ವಿಷಯವಾಗಿರಲಿಲ್ಲ. ಅವನ ಗ್ಯಾಂಗಿನಲ್ಲಿ ಒಬ್ಬ ಮೇಟಿ, ಒಬ್ಬ ಕೀಮನ್, ಹತ್ತು ಹನ್ನೆರಡು ಆಳು. ಬೀಟರ್ ಹಿಡಿದು ಸ್ಲೀಪರಿನ ಅಡಿಗೆ ಜಲ್ಲಿ ತುಂಬುವುದು, ಬಗ್ಗಿದ ಹಳಿ ಎಳೆಯುವುದು, ಮಳೆಗಾಲದ ರಾತ್ರಿ ಕಂದೀಲು ಹಿಡಿದು ಹಳಿಗುಂಟ ಕಾವಲು ನಡೆಯುವುದು. ಎಲ್ಲೋ ನಡುವಿನ ಒಂದು ಸಣ್ಣ ಸ್ಟೇಷನ್ನಿನ ಮಾತು ಅವನು ಪದೇ ಪದೇ ಹೇಳುತ್ತಿದ್ದ. ಅದರ ಹೆಸರು ಇಲ್ಲಿ ಬೇಡ, ಅಂಥವು ಒಂದೆರಡಲ್ಲ. "ಬ್ಯಾಸಿಗಿ ಬಿಸಿಲಾಗೆ ಹಳಿ ಮುಟ್ಟಿದ್ರೆ ಕೈ ಸುಡ್ತಿತ್ತು ಕಣಪ್ಪ. ಟೇಷನ್ನಿನ ಬಾವಿ ಎದುರಿಗೇ ಇತ್ತು. ಪೋರ್ಟರ್ ಬಂದು ಮ್ಯಾಲಿಂದ ಸುರೀಬೇಕು, ನಾವು ಬೊಗಸೆ ಒಡ್ಡಬೇಕು. ಅವನು ಮಾಸ್ತರ ಮನ್ಯಾಗೆ ಪಾತ್ರೆ ತೊಳಿಯಾಕೆ ಹೋಗಿದ್ರೆ ನಮಗೆ ನೀರಿಲ್ಲ" ಅನ್ನುತ್ತಿದ್ದ.

ಈ ಕೊನೆಯ ಮಾತು, ಪೋರ್ಟರ್ ಮಾಸ್ತರರ ಮನೆಯಲ್ಲಿ ಪಾತ್ರೆ ತೊಳೆಯುವ ಮಾತು, ಬರೀ ಅಜ್ಜನ ಗೊಣಗಾಟವಲ್ಲ. 1938ರ ಫೆಬ್ರವರಿಯಲ್ಲಿ ಮನ್ಮಾಡಿನಲ್ಲಿ ಜಿ.ಐ.ಪಿ. ರೈಲ್ವೆಯ ದಲಿತ ಕಾರ್ಮಿಕರ ಸಮ್ಮೇಳನ ನಡೆಯಿತು. ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಈ ದೇಶದ ದುಡಿಯುವವರ ಶತ್ರುಗಳು ಎಂದು ಬಾಬಾಸಾಹೇಬರು ಹೇಳಿದ್ದು ಅಲ್ಲಿ. ಆ ಘೋಷಣೆ ನಮ್ಮ ಬ್ಯಾನರುಗಳ ಮೇಲೆಲ್ಲ ಬಂದಿದೆ. ಅದೇ ಭಾಷಣದಲ್ಲಿ ಅವರು ರೈಲ್ವೆಯ ಒಳಗನ್ನು ಬಿಡಿಸಿ ತೋರಿಸಿದ್ದು ಬ್ಯಾನರಿಗೆ ಬರಲಿಲ್ಲ. ಅಸ್ಪೃಶ್ಯನನ್ನು ಗ್ಯಾಂಗ್‌ಮನ್ ಆಗಿಯೇ ಇಡುತ್ತಾರೆ, ಅವನು ಗ್ಯಾಂಗ್‌ಮನ್ ಆಗಿಯೇ ಸಾಯುತ್ತಾನೆ. ಪೋರ್ಟರ್ ಕೂಡ ಮಾಡುವುದಿಲ್ಲ, ಯಾಕೆಂದರೆ ಪೋರ್ಟರ್ ಆದವನು ಸ್ಟೇಷನ್ ಮಾಸ್ತರರ ಮನೆಯ ಒಳಗೂ ಚಾಕರಿ ಮಾಡಬೇಕಾಗುತ್ತದೆ, ಅಸ್ಪೃಶ್ಯನನ್ನು ಒಳಗೆ ಬಿಡಲಾಗುವುದಿಲ್ಲ ಎಂಬುದು ಅವರ ವಿವರಣೆಯ ಸಾರ. ನೋಡಿ, ವಿಲಾಯತಿ ಕಂಪನಿಯ ಕೆಳದರ್ಜೆಯ ಒಂದು ಹುದ್ದೆಗೆ ಯಾರು ಅರ್ಹರು ಎಂಬುದನ್ನು ಕಂಪನಿಯ ರೂಲ್ಸು ಪುಸ್ತಕ ತೀರ್ಮಾನಿಸಲಿಲ್ಲ, ಮಾಸ್ತರರ ಅಡುಗೆಮನೆ ತೀರ್ಮಾನಿಸಿತು. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲೂ ಹಾಗೇ. ಲಾಳಿಯ ನೂಲನ್ನು ಬಾಯಿಂದ ಎಳೆದುಕೊಳ್ಳಬೇಕು ಅನ್ನುವ ಕಾರಣಕ್ಕೆ ಹೆಚ್ಚು ಕೂಲಿ ಬರುವ ನೇಯ್ಗೆ ವಿಭಾಗದಲ್ಲಿ ನಮ್ಮವರಿಗೆ ಜಾಗವಿರಲಿಲ್ಲ. 1928ರ ಮುಷ್ಕರದ ಕಾಲದಲ್ಲಿ ಬಾಬಾಸಾಹೇಬರು ಇದನ್ನು ಕಮ್ಯುನಿಸ್ಟ್ ಯೂನಿಯನ್ನಿನವರ ಮುಂದೆ ಎತ್ತಿದ್ದರು. ಗಿರಣಿಯ ಊರಾದ, ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ, ಪಂಪಾಪತಿಯವರಂಥ ಕಮ್ಯುನಿಸ್ಟ್ ನಾಯಕರನ್ನು ಮತ್ತೆ ಮತ್ತೆ ವಿಧಾನಸಭೆಗೆ ಕಳಿಸಿದ ದಾವಣಗೆರೆಯಲ್ಲಿ ಕೂತು ಈ ಮಾತು ಓದಿದರೆ ಅದರ ತೂಕವೇ ಬೇರೆ.

ಹಾಗಾದರೆ ರೈಲಿನಿಂದ ನಮಗೆ ಏನೂ ಬರಲಿಲ್ಲವೇ? ಬಂತು. ಪಕ್ಕ ಪಕ್ಕ ಕೂತದ್ದರಿಂದ ಬಂದದ್ದಲ್ಲ. ತಿಂಗಳ ಪಗಾರದಿಂದ ಬಂತು. ನಮ್ಮಜ್ಜನ ಅಣ್ಣ ಊರಲ್ಲೇ ಉಳಿದ. ಗೌಡರ ಕಣದಲ್ಲಿ ಸುಗ್ಗಿ ಮುಗಿದ ಮೇಲೆ ಮೊರ ಹಿಡಿದು ನಿಲ್ಲಬೇಕಿತ್ತು, ಅವರು ಕೊಟ್ಟಷ್ಟು ಕಾಳು. ಅಜ್ಜ ಕೈಗೆ ನೋಟು ತಂದ. ಬೊಗಸೆ ಒಡ್ಡಿ ನೀರು ಕುಡಿದ ಅದೇ ಅಜ್ಜ ಊರಲ್ಲಿ ಗೌಡರ ಮುಂದೆ ಮೊರ ಒಡ್ಡಲಿಲ್ಲ. ಈ ಎರಡೂ ಒಬ್ಬನೇ ಮನುಷ್ಯನ ಬದುಕಿನಲ್ಲಿ ನಡೆದದ್ದು, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ಸಾಧ್ಯವಿಲ್ಲ. ರೈಲ್ವೆ ಕೊಟ್ಟ ಪುಕ್ಕಟೆ ಪಾಸಿನಲ್ಲಿ ನಮ್ಮಜ್ಜಿ ಬೊಂಬಾಯಿ ನೋಡಿ ಬಂದಳು. ನಮ್ಮೂರ ಗೌಡತಿ ಆ ಹೊತ್ತಿಗೆ ದಾವಣಗೆರೆ ದಾಟಿರಲಿಲ್ಲ. ಅಪ್ಪ ಹೈಸ್ಕೂಲು ಮುಗಿಸಿದ್ದು ಆ ಪಗಾರದಲ್ಲೇ, ನಾನು ಈ ಲೇಖನ ಬರೆಯುತ್ತಿರುವುದೂ ಅದರ ಮುಂದುವರಿಕೆ.

ಸ್ವಾತಂತ್ರ್ಯ ಬಂದ ಮೇಲೆ ಮೀಸಲಾತಿ ಈ ಪಗಾರವನ್ನು ಹಕ್ಕಾಗಿ ಮಾಡಿತು. ನೇಮಕಾತಿಯಲ್ಲಷ್ಟೇ ಅಲ್ಲದೆ ಬಡ್ತಿಯಲ್ಲೂ ಮೀಸಲಾತಿ ಸಂವಿಧಾನಬದ್ಧ ಎಂದು ಸುಪ್ರೀಂ ಕೋರ್ಟು ಮೊದಲು ಹೇಳಿದ್ದು 1961ರ ರಂಗಾಚಾರಿ ಪ್ರಕರಣದಲ್ಲಿ. ಅದರಲ್ಲಿ ಮೇಲ್ಮನವಿ ಹಾಕಿದವರು ದಕ್ಷಿಣ ರೈಲ್ವೆಯ ಜನರಲ್ ಮ್ಯಾನೇಜರ್, ಪ್ರಶ್ನೆಗೆ ಬಂದದ್ದು ರೈಲ್ವೆ ಬೋರ್ಡಿನ ಸುತ್ತೋಲೆಗಳು. 1980ರಲ್ಲಿ ಶೋಷಿತ ಕರ್ಮಚಾರಿ ಸಂಘದ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿದ್ದ ಪೀಠ ಅದನ್ನು ಮತ್ತೆ ಎತ್ತಿಹಿಡಿದದ್ದೂ ರೈಲ್ವೆಯ ವಿಷಯದಲ್ಲೇ. 1992ರ ಮಂಡಲ್ ತೀರ್ಪು ಬಡ್ತಿಯ ಬಾಗಿಲು ಮುಚ್ಚಿತು, 1995ರ 77ನೇ ತಿದ್ದುಪಡಿ ಮತ್ತೆ ತೆರೆಯಿತು. ಗ್ಯಾಂಗ್‌ಮನ್ ಗ್ಯಾಂಗ್‌ಮನ್ ಆಗಿಯೇ ಸಾಯಬೇಕು ಎಂಬ ಮನ್ಮಾಡಿನ ಮಾತಿಗೆ ಉತ್ತರ ಹುಡುಕಿದ್ದು ಈ ಸುತ್ತೋಲೆಗಳು. ನನ್ನ ಮಟ್ಟಿಗೆ ದಲಿತ ಚರಿತ್ರೆಯಲ್ಲಿ ರೈಲ್ವೆ ಡಬ್ಬಿಗಿಂತ ರೈಲ್ವೆ ಸುತ್ತೋಲೆ ದೊಡ್ಡದು. ನಮ್ಮ ಸಾಹಿತ್ಯ ವಿಮರ್ಶಕರಿಗೆ ಸುತ್ತೋಲೆ ಒಣ ವಿಷಯ ಅನ್ನಿಸುತ್ತದೆ. ಡಬ್ಬಿಯಾದರೆ ರೂಪಕ ಆಗುತ್ತದೆ.

ಹರಿಹರದಲ್ಲಿ ಇಳಿದವರು ಇನ್ನೊಬ್ಬರನ್ನು ನೆನೆಯದೆ ಹೋಗುವಂತಿಲ್ಲ. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು ಹುಟ್ಟಿದ್ದು ಈ ಊರಲ್ಲೇ, 1938ರ ಜೂನ್ 9ರಂದು. ಅಂದರೆ ಮನ್ಮಾಡ್ ಸಮ್ಮೇಳನವಾದ ನಾಲ್ಕು ತಿಂಗಳಿಗೆ. ಅವರು ಕನ್ನಡ ಪಾಠ ಹೇಳುತ್ತ ಚಳವಳಿಯನ್ನು ಬೆಳೆಸಿದ್ದು ಭದ್ರಾವತಿಯಲ್ಲಿ. ಹರಿಹರದಿಂದ ಭದ್ರಾವತಿಗೆ ರೈಲಿನ ದಾರಿ ದಾವಣಗೆರೆ, ಚಿಕ್ಕಜಾಜೂರು ಕಳೆದು ಬೀರೂರು. ಅಲ್ಲಿ ಇಳಿದು 1899ರಲ್ಲಿ ಆದ ಶಿವಮೊಗ್ಗದ ಕವಲು ದಾರಿ ಹಿಡಿಯಬೇಕು. 1973ರ ಬೂಸಾ ಗಲಾಟೆಯ ಮೇಲಿನ ವರ್ಷಗಳಲ್ಲಿ, ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ 1986ರಲ್ಲಿ ನಡೆದ ಹೋರಾಟದವರೆಗೂ, ಚಳವಳಿಯ ಕರಪತ್ರದ ಕಟ್ಟುಗಳು, ತಮಟೆ, ಹಾಡುವ ಹುಡುಗರು ಊರಿಂದ ಊರಿಗೆ ಹೋಗಿದ್ದು ಹೆಚ್ಚಾಗಿ ಪ್ಯಾಸೆಂಜರ್ ಗಾಡಿಯಲ್ಲಿ, ಕೆಂಪು ಬಸ್ಸಿನಲ್ಲಿ. ಕಾರಿನಲ್ಲಿ ಹೋಗುವ ನಾಯಕರು ಬಂದದ್ದು ಆಮೇಲೆ. ಕೃಷ್ಣಪ್ಪನವರು 1997ರ ಏಪ್ರಿಲ್ 30ರಂದು ತೀರಿಕೊಂಡರು. ಹರಿಹರದ ಹೊರಗೆ ಹನಗವಾಡಿಯ ಬಳಿ ಅವರ ಸ್ಮಾರಕ ಮೈತ್ರಿವನ ಇದೆ. ಹರಿಹರೇಶ್ವರನ ಗುಡಿ ನೋಡಲು ಬರುವ ವಿದ್ಯಾರ್ಥಿಗಳನ್ನು ಮೇಷ್ಟ್ರುಗಳು ಅಲ್ಲಿಗೂ ಕರೆದುಕೊಂಡು ಹೋಗಬೇಕು.

ರೈಲಿನ ಸಂಡಾಸಿನ ವಿಷಯ ಹೇಳದೆ ಯಾವ ಟೇಷನ್ನಿನ ಚರಿತ್ರೆಯೂ ಮುಗಿಯುವುದಿಲ್ಲ. ಡಬ್ಬಿಯಿಂದ ನೇರ ಹಳಿಗೆ ಬಿದ್ದದ್ದನ್ನು ಗುಡಿಸಿದ ಕೈ ಯಾರದ್ದು ಎಂದು ಕೇಳಬೇಕಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿ 1993ರಲ್ಲಿ ಒಂದು ಕಾಯ್ದೆ ಬಂತು, ಸಾಲದೆಂದು 2013ರಲ್ಲಿ ಇನ್ನೊಂದು. ಸಫಾಯಿ ಕರ್ಮಚಾರಿ ಆಂದೋಲನದ ಅರ್ಜಿಯ ಮೇಲೆ 2014ರ ಮಾರ್ಚ್ 27ರಂದು ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ಹಳಿಗಳ ಮೇಲಿನ ಈ ಕೆಲಸ ನಿಲ್ಲಿಸಲು ಕಾಲಮಿತಿ ಹಾಕಿಕೊಳ್ಳಿ ಎಂದು ರೈಲ್ವೆಗೆ ಪ್ರತ್ಯೇಕವಾಗಿ ಹೇಳಬೇಕಾಯಿತು. ಆಮೇಲೆ ಡಬ್ಬಿಗಳ ಕೆಳಗೆ ಜೈವಿಕ ಶೌಚಾಲಯದ ಟ್ಯಾಂಕುಗಳು ಬಂದವು. ಹಳಿ ಮೊದಲಿಗಿಂತ ಚೊಕ್ಕಟವಾಗಿದೆ, ಅದು ಕಣ್ಣಿಗೆ ಕಾಣುತ್ತದೆ.

ಕಣ್ಣಿಗೆ ಕಾಣದ ಬದಲಾವಣೆ ಇನ್ನೊಂದು ಆಗಿದೆ. ಪ್ಲಾಟ್‌ಫಾರಂ, ಡಬ್ಬಿಗಳನ್ನು ಗುಡಿಸಿ ತೊಳೆಯುವ ಕೆಲಸ ಈಗ ಬಹುಮಟ್ಟಿಗೆ ಕಂಟ್ರಾಕ್ಟಿಗೆ ಹೋಗಿದೆ. ಕಂಟ್ರಾಕ್ಟಿನಲ್ಲಿ ಮೀಸಲಾತಿ ಬೇಕಾಗುವುದಿಲ್ಲ, ಆ ಕೆಲಸಕ್ಕೆ ಬರುವವರು ಹೇಗೂ ನಮ್ಮ ಕೇರಿಯಿಂದಲೇ ಬರುತ್ತಾರೆ. ಬಡ್ತಿ ಇಲ್ಲ, ಪಿಂಚಣಿ ಇಲ್ಲ, ರಂಗಾಚಾರಿ ತೀರ್ಪು ಇವರ ಹತ್ತಿರ ಸುಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಪ್ಲಾಟ್‌ಫಾರಮಿನಲ್ಲಿ ಪೈಪು ಹಿಡಿದು ನಿಂತಿದ್ದ ಒಬ್ಬ ಹೆಣ್ಣುಮಗಳನ್ನು ಮಾತಾಡಿಸಿದೆ. ನನಗಿಂತ ಚಿಕ್ಕವಳು, ಅಣ್ಣಾರೆ ಅಂತಲೇ ಮಾತಾಡಿದಳು. "ನಮ್ಮಜ್ಜನೂ ರೈಲ್ವೇಲಿ ಇದ್ದ ಕಣಮ್ಮ" ಅಂದೆ. "ಪರ್ಮನೆಂಟಾ ಅಣ್ಣಾರೆ?" ಅಂತ ಕೇಳಿದಳು. ಹೌದು ಅಂದೆ. "ಪಾಸ್ ಕೊಡ್ತಿದ್ರಾ?" ಕೊಡ್ತಿದ್ರು ಅಂದೆ. ಅವಳು ಹರಿಹರದಿಂದ ಕೆಲಸದ ಜಾಗಕ್ಕೆ ದಿನಾ ಟಿಕೆಟ್ಟು ತಗೊಂಡು ಬರುತ್ತಾಳಂತೆ. ಅಷ್ಟರಲ್ಲಿ ಸೂಪರ್‌ವೈಜರ್ ಕೂಗಿದ, ಪೈಪು ಎಳೆದುಕೊಂಡು ಆ ತುದಿಗೆ ಹೋದಳು.